ದೇವರಿಗೇಕೆ ಆಟ?

ಕೊರತೆಯೇ ಇಲ್ಲದ ದೇವರು ಜಗತ್ತನ್ನು ಸೃಷ್ಟಿಸಿದ್ದೇಕೆ? ಏನನ್ನೋ ಪಡೆಯಲು ಎಂದರೆ ಅವನು ಪೂರ್ಣನಲ್ಲ ಎಂದಾಗುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈ ಇಕ್ಕಟ್ಟಿಗೆ ಕೊಡುವ ಉತ್ತರ: ಸೃಷ್ಟಿ ಅವನ ಲೀಲೆ.

ಇದಕ್ಕೆ ಆಚಾರ್ಯರು ಕೊಟ್ಟ ದೃಷ್ಟಾಂತಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಆಸೆಗಳೆಲ್ಲ ಈಡೇರಿದ ರಾಜನ ವಿಹಾರವನ್ನು ಹೇಳುವ ಶಂಕರರು, ಅಲ್ಲಿಗೇ ನಿಲ್ಲದೆ ಉಸಿರಾಟಕ್ಕೆ ಬರುತ್ತಾರೆ. ಉಸಿರು ಹೊರಗಿನ ಉದ್ದೇಶವೊಂದಿಲ್ಲದೆ ತನ್ನಷ್ಟಕ್ಕೆ ಆಡುತ್ತದೆ. ರಾಮಾನುಜರ ರಾಜ ಸಪ್ತದ್ವೀಪಗಳ ಒಡೆಯ, ಅವನು ಚೆಂಡಾಡುತ್ತಾನೆ. ಎಲ್ಲಕ್ಕಿಂತ ದಿಟ್ಟವಾದದ್ದು ಮಧ್ವರದು. ಸುಖ ಉಕ್ಕೇರಿ ಮತ್ತನಾದವನು ಏನನ್ನೂ ಬಯಸದೆ ಹಾಡಿ ಕುಣಿಯುತ್ತಾನಲ್ಲ, ದೇವರ ಸೃಷ್ಟಿಯೂ ಹಾಗೆಯೇ ಎಂದರು. ದೇವರ ಬಗ್ಗೆ ಇಷ್ಟು ಸಲುಗೆಯಿಂದ ಮಾತಾಡಲು ಗಟ್ಟಿ ನಂಬಿಕೆಯೇ ಬೇಕು.

ಆ ಮಧ್ವರ ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿ. ರಥಬೀದಿಯ ಗುರ್ಜಿಗಳಿಗೆ ತೂಗುಬಿಟ್ಟ ಮಡಕೆಗಳನ್ನು ಗೊಲ್ಲರ ವೇಷ ತೊಟ್ಟವರು ಕೋಲಿನಿಂದ ಒಡೆಯುತ್ತ ಸಾಗುತ್ತಾರೆ. ಮೊಸರು ಮೈಮೇಲೆಲ್ಲ ಚೆಲ್ಲುತ್ತದೆ, ಹುಲಿವೇಷದವರ ತಾಸೆ ಬಡಿಯುತ್ತಲೇ ಇರುತ್ತದೆ. ಅಂದು ರಥವೇರುವುದು ಕೃಷ್ಣನ ಮಣ್ಣಿನ ಮೂರ್ತಿ. ಉತ್ಸವ ಮುಗಿದ ಮೇಲೆ ಅದನ್ನು ಮಧ್ವ ಸರೋವರದಲ್ಲಿ ವಿಸರ್ಜಿಸುತ್ತಾರೆ. ಇದರಲ್ಲಿ ಪೂಜೆ ಎಷ್ಟು, ಆಟ ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗ 1938ರ ‘ಹೋಮೋ ಲೂಡೆನ್ಸ್’ ಕೃತಿಯಲ್ಲಿ ವಾದಿಸಿದ್ದೂ ಇಂಥದ್ದನ್ನೇ: ಆಟಕ್ಕೂ ಗಾಂಭೀರ್ಯಕ್ಕೂ ಹಗೆತನವಿಲ್ಲ, ಧಾರ್ಮಿಕ ವಿಧಿಗಳಲ್ಲಿ ಎರಡೂ ಕೂಡಿಯೇ ಇರುತ್ತವೆ.

ಹಾಗಾದರೆ ಬರಗಾಲ, ಹಸುಗೂಸಿನ ಕಾಯಿಲೆ ಇವೂ ಆಟವೇ?

ಸೂತ್ರಕಾರರು ಈ ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲ. ದೇವರ ಮೇಲೆ ಬರುವ ಪಕ್ಷಪಾತ, ನಿರ್ದಯತೆ ಎಂಬ ಎರಡೂ ಆರೋಪಗಳನ್ನು ಮರುಸೂತ್ರದಲ್ಲೇ ಕೈಗೆತ್ತಿಕೊಂಡರು. ಜೀವಿಗಳ ಕರ್ಮವನ್ನು ಅನುಸರಿಸಿಯೇ ಸೃಷ್ಟಿ ಎಂಬುದು ಅವರ ಸಮಾಧಾನ. ಶಂಕರರು ಇಲ್ಲಿ ಮಳೆಯನ್ನು ತರುತ್ತಾರೆ: ಸುರಿಯುವ ಮಳೆ ಒಂದೇ, ಭತ್ತ ಜವೆಗಳ ವ್ಯತ್ಯಾಸ ಬೀಜದ್ದು. ಈ ಸಮಾಧಾನ ಇಂದಿನ ಓದುಗರಿಗೆ ಪೂರ್ತಿ ಒಪ್ಪಿಗೆಯಾಗುವುದು ಕಷ್ಟ. ಆದರೂ ಒಂದಂತೂ ಸ್ಪಷ್ಟ: ಲೀಲೆಯನ್ನು ಒಪ್ಪಿದ ಆಚಾರ್ಯರು ಕೂಡ ಜೀವಿಗಳ ಸಂಕಟವನ್ನು ದೇವರ ವಿನೋದ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ.

ಸಾವಿನ ಮನೆಗೆ ಹೋಗಿ ‘ಎಲ್ಲ ಅವನ ಆಟ’ ಎನ್ನುವವರು ಇದನ್ನು ಗಮನಿಸಬೇಕು. ಆ ಮಾತಿಗೆ ಶಾಸ್ತ್ರದ ಬೆಂಬಲವಿಲ್ಲ. ಮಗುವನ್ನು ಕಳೆದುಕೊಂಡವರ ಎದುರು ದಯವಿಟ್ಟು ಅದನ್ನು ಆಡಬೇಡಿ.