ಒಪ್ಪಿಸಿದ ಕಾರ್ಯದ ಹೊಣೆ

ಕೈಕೆಳಗಿನವನಿಗೆ ಕಾರ್ಯವನ್ನೂ ಅದಕ್ಕೆ ತಕ್ಕ ಅಧಿಕಾರವನ್ನೂ ಒಪ್ಪಿಸಿದ ಮೇಲೆ ಮೇಲ್ವಿಚಾರಕನಲ್ಲಿ ಉಳಿಯುವುದೇನು ಎಂಬುದನ್ನು ಕಚೇರಿಯ ವ್ಯವಹಾರವೆಂದಷ್ಟೇ ಎಣಿಸುವುದು ಇಂದಿನ ವಾಡಿಕೆಯಾದರೂ, ನಮ್ಮ ಮೀಮಾಂಸಕರು ಅದನ್ನು ಧರ್ಮದ ಪ್ರಶ್ನೆಯೆಂದೇ ಬಗೆದು ವಿಚಾರಿಸಿದ್ದರು. ಯಜ್ಞದಲ್ಲಿ ಆಹುತಿ ಹಾಕುವವರೂ ಸಾಮ ಹಾಡುವವರೂ ದಕ್ಷಿಣೆ ಪಡೆಯುವ ಋತ್ವಿಜರು, ಫಲವಾದರೋ ಯಜಮಾನನದು, ಆದರೆ ದ್ರವ್ಯದಲ್ಲಿ ಮಮತ್ವವನ್ನು ಬಿಡುವ ತ್ಯಾಗವನ್ನು ಮಾತ್ರ ಅವನೇ ಮಾಡತಕ್ಕದ್ದು. ಇವರೆಲ್ಲರ ನಡುವೆ ನನ್ನ ಮನಸ್ಸನ್ನು ಹಿಡಿದಿಡುವವನು ಬ್ರಹ್ಮನೆಂಬ ಋತ್ವಿಜನು. ಸಕಲ ವಿಧಿಯನ್ನೂ ಬಲ್ಲ ಆತನು ಬಹುಪಾಲು ಮೌನವಾಗಿ ಕುಳಿತು ನೋಡುತ್ತ, ಲೋಪವಾದೆಡೆ ಪ್ರಾಯಶ್ಚಿತ್ತದಿಂದ ಸರಿಪಡಿಸುವನಲ್ಲದೆ, ಆಹುತಿ ಹಾಕುವ ಅಧ್ವರ್ಯುವಿನ ಕೈಯಿಂದ ಸ್ರುಕ್ಕೆಂಬ ಹೋಮದ ಸೌಟನ್ನು ಕಸಿದುಕೊಳ್ಳನು.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ತಾವೇ ಪೂಜಿಸಿದ ಶರಣರು ಋತ್ವಿಜರಿಂದ ಕರ್ಮ ಮಾಡಿಸುವ ಈ ಏರ್ಪಾಡನ್ನು ಒಪ್ಪಲಿಲ್ಲ. ಅವರ ಪರಂಪರೆಯ ಮಠಗಳು ಚಿತ್ರದುರ್ಗದಲ್ಲಿಯೂ ಸಿರಿಗೆರೆಯಲ್ಲಿಯೂ ಇರುವಾಗ, ಈ ಸೀಮೆಯಲ್ಲಿ ಕುಳಿತು ಬರೆಯುವವನು ಆ ಆಕ್ಷೇಪವನ್ನು ದಾಟಿ ಹೋಗಲಾಗದು. ಪೂಜೆಯನ್ನು ಪರರ ಕೈಗೆ ಕೊಡಲಾಗದೆಂಬ ಮಾತು ನನಗೂ ಸತ್ಯವೆಂದೇ ತೋರುತ್ತದೆ. ಆದರೆ ಊರಿನ ಕೆಲಸ ಒಬ್ಬನ ಅಂಗೈಯಲ್ಲಿ ಹಿಡಿಯುವಂಥದಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಕೆರೆಗಳ ತೂಬನ್ನು ಊರವರು ನೀರಗಂಟಿಗೆ ಒಪ್ಪಿಸಿದುದು, ಗೌಡನ ಗದ್ದೆಗೂ ಬಡವನ ಗದ್ದೆಗೂ ಸರದಿಯಂತೆಯೇ ನೀರು ಹರಿಯಬೇಕೆಂದಲ್ಲವೆ?

ಇದೇ ಸೀಮೆಯ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ 1898ರಲ್ಲಿ ಕಟ್ಟೆಯ ಕೆಲಸ ತೊಡಗಿದಾಗ, ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಪ್ರಾಪ್ತವಯಸ್ಕನಾದ ಮಗನ ಪರವಾಗಿ ರಾಜ್ಯಭಾರವನ್ನು ವಹಿಸಿದ್ದರು. ಅವರ ಅಧಿಕಾರವೇ ಒಂದು ನ್ಯಾಸ. ಆ ಕೆಲಸವನ್ನು ತೊಡಗಿಸಿದ ದಿವಾನ್ ಶೇಷಾದ್ರಿ ಅಯ್ಯರವರು 1901ರಲ್ಲಿ ತೀರಿಕೊಂಡರು. ಮರುವರ್ಷ ಮಹಾರಾಣಿಯವರು ರಾಜ್ಯವನ್ನು ಮಗ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿದರು. ಕಟ್ಟೆ ಮುಗಿದುದು 1907ರಲ್ಲಿ, ಜಲಾಶಯ ಮೊದಲ ಬಾರಿ ತುಂಬಿ ಕೋಡಿ ಬಿದ್ದುದು 1933ರಲ್ಲಿ. ಕಾರ್ಯವನ್ನು ಒಪ್ಪಿಸಿದವರು ಅಧಿಕಾರದಿಂದ ಸರಿದ ಮೇಲೆಯೂ ಅದು ನಿಲ್ಲದೆ ನಡೆದುದನ್ನು ನೆನೆದಾಗ, ಕೆಲಸವನ್ನು ಹೊರಿಸಿ, ಸುಣ್ಣಗಾರೆ ತರಿಸುವಷ್ಟು ಸ್ವಾತಂತ್ರ್ಯವನ್ನೂ ಕೊಡದೆ, ಕೆಟ್ಟಾಗ ಮಾತ್ರ ಕಿರಿಯನನ್ನು ಮುಂದೆ ನೂಕುವ ಮೇಲಧಿಕಾರಿಗಳ ನಡತೆ ನನಗೆ ಅಧರ್ಮವಾಗಿಯೇ ಕಾಣುತ್ತದೆ.

ಒಂದು ಪಕ್ಷ 1905ರಲ್ಲಿ ಆ ಕಟ್ಟೆ ಬಿರುಕುಬಿಟ್ಟಿದ್ದರೆ, ಗತಿಸಿದ ದಿವಾನರು ಅದಕ್ಕೆ ಬಾಧ್ಯರಾಗುತ್ತಿದ್ದರೇ? ಕಲ್ಲನ್ನು ಸರಿಯಾಗಿ ಕೂರಿಸದ ದೋಷವು ಸ್ಥಳದಲ್ಲಿದ್ದವರದು. ಅಂಥವರನ್ನು ಆ ಸ್ಥಳಕ್ಕೆ ಆರಿಸಿದ ದೋಷವಾದರೋ ಮರಣದಿಂದಲೂ ತೀರದೆ ದಿವಾನರದಾಗಿಯೇ ಉಳಿಯುತ್ತಿತ್ತೆಂದು ನಾನು ನಂಬುತ್ತೇನೆ.