ಅನಾದರ ವೈರಾಗ್ಯವಲ್ಲ



ಹಳೆಯ ವಸ್ತುಗಳ ವಿಷಯದಲ್ಲಿ ಮನುಷ್ಯನು ಎಂತಹ ಮನೋಭಾವವನ್ನು ತಾಳಬೇಕು? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆನಿಸಬಹುದು. ಹಿತ್ತಾಳೆಯ ತಂಬಿಗೆ, ಮಸುಕಾದ ಕನ್ನಡಿ, ಅಜ್ಜನ ಕಾಲದ ಪೆಟ್ಟಿಗೆ ಇವುಗಳನ್ನು ಕುರಿತು ಚಿಂತಿಸುವುದೂ ಒಂದು ತತ್ತ್ವಜಿಜ್ಞಾಸೆಯೇ ಎಂದು ಯಾರಾದರೂ ಕೇಳಿದರೆ ಅದು ಅಸಹಜವಲ್ಲ. ಹೊನ್ನನ್ನೂ ಮಣ್ಣಿನ ಹೆಂಟೆಯನ್ನೂ ಸಮನಾಗಿ ಕಾಣಬೇಕೆಂದು ಪೀಠದ ಮೇಲೆ ಕುಳಿತು ಉಪದೇಶಿಸುವವರು ಹಳೆಯ ಸಾಮಾನಿನ ಅಂಗಡಿಯೊಂದನ್ನು ಪ್ರೀತಿಯಿಂದ ನೆನೆಯುವುದಂತೂ ಕೆಲವರಿಗೆ ವಿರೋಧವಾಗಿಯೇ ತೋರೀತು. ಆದರೂ ಆ ಅಂಗಡಿಯ ನೆನಪನ್ನು ನಿಮ್ಮೆದುರು ಇಡಬೇಕೆಂದು ಮನಸ್ಸಾಗಿದೆ. ಏಕೆಂದರೆ ವೈರಾಗ್ಯವೆಂದರೇನು ಎಂಬುದನ್ನು ನಾವು ಗ್ರಂಥಗಳಿಂದ ಅರಿತದ್ದಕ್ಕಿಂತ ಹೆಚ್ಚಾಗಿ ಅಲ್ಲಿ ಕೇಳಿದ ಒಂದು ಮಾತಿನಿಂದ ಅರಿತೆವು. ಅದೂ ಬಹಳ ತಡವಾಗಿ, ಒಂದು ತಪ್ಪನ್ನು ಮಾಡಿದ ಮೇಲೆ.

೧೯೯೨ರ ಸುಮಾರಿನಲ್ಲಿ ನಾವು ಸಂಸ್ಕೃತ ಪಾಠಶಾಲೆಯ ಅಭ್ಯಾಸವನ್ನು ಮುಗಿಸಿ, ಮಠದ ಮರಿಯಾಗಿದ್ದುಕೊಂಡೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಎಂ.ಎ. ತರಗತಿಗೆ ಸೇರಿದ್ದೆವು. ಭಾನುವಾರ ಪೇಟೆಯ ಕಡೆಗೆ ನಡೆದು ಹೋಗುವುದು ರೂಢಿಯಾಗಿತ್ತು. ಲೈನ್ ಬಜಾರದ ಹಿಂದಣ ಓಣಿಯೊಂದರಲ್ಲಿ ಫಲಕವಿಲ್ಲದ, ಹಲಗೆಯ ಬಾಗಿಲಿನ, ಕತ್ತಲೆ ತುಂಬಿದ ಅಂಗಡಿಯೊಂದು ಇದ್ದಿತು. ಅದರ ಒಡೆಯರು ಅರವತ್ತು ದಾಟಿದ ವೃದ್ಧರು. ಓಣಿಯ ಮಕ್ಕಳಿಂದ ಮೊದಲ್ಗೊಂಡು ಪ್ರಾಧ್ಯಾಪಕರವರೆಗೆ ಎಲ್ಲರೂ ಅವರನ್ನು ‘ಕಾಕಾ’ ಎಂದೇ ಕರೆಯುತ್ತಿದ್ದರು.

ಆ ಅಂಗಡಿಯಲ್ಲಿ ಏನಿತ್ತೆಂಬುದಕ್ಕಿಂತ ಏನಿರಲಿಲ್ಲ ಎಂದು ಹೇಳುವುದೇ ಸುಲಭ. ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದು ಬಜಾರದಿಂದ ಮರೆಯಾದ ಸೇರು, ಪಾವು, ತೊಲೆಯ ಗುಂಡುಗಳು. ರೂಪಾಯಿಗೆ ಹದಿನಾರು ಆಣೆ, ನೂರ ತೊಂಬತ್ತೆರಡು ಪೈ ಎಂಬ ಲೆಕ್ಕ ೧೯೫೭ರ ಏಪ್ರಿಲ್ ೧ರಂದು ಮುಗಿದ ಮೇಲೆ ಮೂಲೆಗೆ ಬಿದ್ದ ನಾಣ್ಯಗಳು. ಗಿಳಿಯ ಆಕಾರದ ಅಡಕತ್ತು, ಸುಣ್ಣದ ಡಬ್ಬಿ, ಚನ್ನೆಮಣೆ, ಗೋಲಿ ಸೋಡಾದ ಸೀಸೆ, ಬೀದರದ ಕರಿಯ ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿದ ಹುಕ್ಕಾದ ಬುಡ, ಜೊತೆ ತಪ್ಪಿದ ಒಂಟಿ ಹಾವುಗೆ. ಒಂದು ಪೆಟ್ಟಿಗೆಯ ತುಂಬ ಕೈಗಳಿಲ್ಲದ ಬೀಗಗಳು. ಪಕ್ಕದ ಬುಟ್ಟಿಯ ತುಂಬ ಬೀಗಗಳಿಲ್ಲದ ಕೈಗಳು. ಹೊಸದಾಗಿ ಒಂದು ಕೈ ಬಂದಿತೆಂದರೆ ಕಾಕಾ ಅವರು ಪೆಟ್ಟಿಗೆಯ ಅಷ್ಟೂ ಬೀಗಗಳಿಗೆ ಅದನ್ನು ಹಾಕಿ ನೋಡುತ್ತಿದ್ದರು. ನಾವು ಕಂಡಂತೆ ಒಂದು ಸಲವೂ ಯಾವ ಬೀಗವೂ ತೆರೆಯಲಿಲ್ಲ. ಅದರಿಂದ ಅವರಿಗೆ ಬೇಸರವೂ ಆಗಲಿಲ್ಲ.

ಗೋಡೆಯ ಮೇಲೆ ಏಳು ಗಡಿಯಾರಗಳು ಇದ್ದುವು. ಒಂದೊಂದು ಒಂದೊಂದು ಹೊತ್ತನ್ನು ತೋರಿಸುತ್ತ ನಿಂತಿದ್ದುವು. ಇವನ್ನೇಕೆ ಸರಿಪಡಿಸುವುದಿಲ್ಲ ಎಂದು ಒಮ್ಮೆ ಕೇಳಿದೆವು. “ಒಂದೊಂದು ಒಂದೊಂದು ಮನಿಯಿಂದ ಬಂದೈತಿ, ಸ್ವಾಮ್ಯಾರ. ಆ ಮನಿಯಾಗ ಎಷ್ಟಕ್ಕ ನಿಂತಿತ್ತೋ ಅಷ್ಟಕ್ಕ ಬಿಟ್ಟೀನಿ. ಕೊಂಡವರು ಒಯ್ದು ತಮ್ಮ ಹೊತ್ತಿಗೆ ನಡಸ್ಲಿ” ಎಂದರು. ಆಗ ಇದನ್ನು ವಯಸ್ಸಾದವರ ಒಂದು ವಿಲಕ್ಷಣ ಹವ್ಯಾಸವೆಂದೇ ನಾವು ಎಣಿಸಿದೆವು.

ಆದರೆ ವ್ಯಾಪಾರದಲ್ಲಿ ಅವರು ವಿಲಕ್ಷಣರಲ್ಲ, ಕಟ್ಟುನಿಟ್ಟಿನವರು. ಮಾರಲು ಬಂದವರನ್ನು ಬೆಲೆಯ ಮಾತಿಗೆ ಮುಂಚೆ ಮೂರು ಪ್ರಶ್ನೆ ಕೇಳುತ್ತಿದ್ದರು: ಇದು ಯಾರದು? ಏಕೆ ಮಾರುತ್ತೀರಿ? ಮನೆಯಲ್ಲಿ ಎಲ್ಲರಿಗೂ ಗೊತ್ತಿದೆಯೆ? ಉತ್ತರಗಳನ್ನು ಕಿರ್ದಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೊಳ್ಳುವವರಿಗೆ ವಸ್ತುವಿನೊಡನೆ ಆ ಬರಹವನ್ನೂ ಓದಿ ಹೇಳುತ್ತಿದ್ದರು. ದೇವರ ವಿಗ್ರಹಗಳನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಶತಮಾನ ಮೀರಿದ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸಲಾಗದು ಎಂದು ೧೯೭೨ರ ಪ್ರಾಚ್ಯವಸ್ತು ಕಾಯಿದೆಯು ವಿಧಿಸಿದೆ. ಅದು ೧೯೭೬ರಲ್ಲಿ ಜಾರಿಗೆ ಬಂದಿತು. ಕಾಕಾ ಅವರ ಕಾರಣ ಅದಕ್ಕಿಂತ ಸರಳವಾಗಿತ್ತು. ಅವರ ಮೊದಲನೆಯ ಪ್ರಶ್ನೆಗೆ ವಿಗ್ರಹವನ್ನು ತಂದವನು ಎಂದೂ ಸರಿಯಾದ ಉತ್ತರ ಕೊಡಲಾರನು.

ಒಂದು ದಿನ ಗಾಜಿನ ಕಪಾಟಿನಲ್ಲಿ ಒಂದು ಬೆಳ್ಳಿಯ ಕರಡಿಗೆಯನ್ನು ಕಂಡೆವು. ಇಷ್ಟಲಿಂಗವನ್ನು ಇರಿಸಿ ಎದೆಯ ಮೇಲೆ ಧರಿಸುವ ಈ ಸಂಪುಟದ ಪರಿಚಯ ನಮ್ಮ ವಾಚಕರಲ್ಲಿ ಯಾರಿಗಿಲ್ಲ? ಅದರ ಮುಚ್ಚಳದ ಕೆತ್ತನೆ ಹೆಬ್ಬೆರಳ ಸ್ಪರ್ಶದಿಂದ ಅರ್ಧ ಸವೆದಿತ್ತು. ಶಿವದಾರ ಹಾಯುವ ಉಂಗುರಗಳು ತೆಳುವಾಗಿದ್ದುವು. ಯಾರೋ ಐವತ್ತು ಅರವತ್ತು ವರ್ಷ ದಿನನಿತ್ಯ ಅದನ್ನು ತೆರೆದು ಮುಚ್ಚಿರಬೇಕು. ಧರಿಸಿದವರ ಕಾಯ ಮಣ್ಣಿಗೆ ಸೇರುವಾಗ ಲಿಂಗವು ಅವರೊಡನೆ ಹೋಗುತ್ತದೆ. ಬೆಳ್ಳಿಯ ಕರಡಿಗೆಯು ಅನೇಕ ಮನೆಗಳಲ್ಲಿ ಉಳಿಯುತ್ತದೆ. ಹಾಗೆ ಉಳಿದದ್ದು ಇಲ್ಲಿ ಹುಕ್ಕಾದ ಬುಡದ ಪಕ್ಕದಲ್ಲಿ ಮಾರಾಟಕ್ಕೆ ಕುಳಿತಿತ್ತು. ನಮಗೆ ಸಿಟ್ಟು ಬಂದಿತು. ಇಂತಹದನ್ನು ಮಾರುವುದು ನಿಮಗೆ ಶೋಭಿಸುವುದೆ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆವು.

ಅವರು ಸಿಟ್ಟಾಗಲಿಲ್ಲ. “ಮಗಳ ಬಾಣಂತನಕ್ಕ ರೊಕ್ಕ ಬೇಕಂತ ತಂದಿದ್ರು. ಪತ್ತಾರರ ಕಡೆ ಹೊಂಟಿದ್ರು. ನಾ ತಗೊಳ್ಳದಿದ್ರ ಅವತ್ತ ಮೂಸಿಯೊಳಗ ಕರಗಿ ಹೋಗ್ತಿತ್ತು. ವರ್ಷದೊಳಗ ಬಂದ್ರ ಕೊಟ್ಟ ರೊಕ್ಕಕ್ಕ ತಿರುಗಿ ಕೊಡ್ತೀನಿ ಅಂದೀನಿ. ಎರಡು ವರ್ಷ ಆತು, ಬಂದಿಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಮಠಕ್ಕ ಒಯ್ಯಿರಿ ಸ್ವಾಮ್ಯಾರ. ರೊಕ್ಕ ಬ್ಯಾಡ. ಅವರು ಎಂದರೆ ಬಂದ್ರ ಅಲ್ಲಿಗೆ ಕಳಸ್ತೀನಿ” ಎಂದು ಅದನ್ನು ತೆಗೆದು ನಮ್ಮ ಮುಂದೆ ಹಿಡಿದರು.

ನಾವು ಕೈ ಚಾಚಲಿಲ್ಲ. ಇಪ್ಪತ್ತೆರಡರ ಪ್ರಾಯ, ಶಾಸ್ತ್ರವನ್ನು ಓದಿದ ಹಮ್ಮು. “ನಮಗೆ ವಸ್ತುಗಳ ಹಂಗಿಲ್ಲ, ಕಾಕಾ” ಎಂದೆವು. ಅವರು ಕರಡಿಗೆಯನ್ನು ಬಟ್ಟೆಯಿಂದ ಒರಸಿ ಮತ್ತೆ ಕಪಾಟಿನಲ್ಲಿಡುತ್ತ ಹೇಳಿದರು: “ವಸ್ತುವಿನ ಹಂಗು ಇಲ್ಲದಿರೋದು ಬ್ಯಾರೆ, ಅದರ ಕಿಮ್ಮತ್ತು ತಿಳೀದಿರೋದು ಬ್ಯಾರೆ.”

ಈ ಮಾತಿನ ಅರ್ಥವು ಅಂದು ನಮಗಾಗಲಿಲ್ಲ. ಆ ವರ್ಷ ತರಗತಿಯಲ್ಲಿ ಜರ್ಮನಿಯ ತತ್ತ್ವಜ್ಞಾನಿ ಕಾಂಟನ ನೀತಿಮೀಮಾಂಸೆಯನ್ನು ಓದುತ್ತಿದ್ದೆವು. ೧೭೮೫ರ ತನ್ನ ಗ್ರಂಥದಲ್ಲಿ ಆತನು ಬೆಲೆಯುಳ್ಳದ್ದಕ್ಕೂ ಘನತೆಯುಳ್ಳದ್ದಕ್ಕೂ ಇರುವ ಭೇದವನ್ನು ತೋರಿಸಿದ್ದಾನೆ. ಬೆಲೆಯುಳ್ಳ ವಸ್ತುವಿನ ಸ್ಥಾನದಲ್ಲಿ ಅದಕ್ಕೆ ಸಮಾನವಾದ ಮತ್ತೊಂದನ್ನು ಇಡಬಹುದು. ಘನತೆಯುಳ್ಳದ್ದಕ್ಕೆ ಸಮಾನವಾದುದು ಮತ್ತೊಂದಿಲ್ಲ. ಆತನ ಮತದಲ್ಲಿ ಈ ಘನತೆಯು ವಿವೇಕವುಳ್ಳ ಜೀವಿಗೆ ಸಲ್ಲುತ್ತದೆ, ಜಡವಸ್ತುವಿಗಲ್ಲ. ಇದು ಸರಿಯಾದ ಮಾತೇ. ಕರಡಿಗೆಯ ಬೆಳ್ಳಿಗೆ ಸ್ವತಃ ಯಾವ ಘನತೆಯೂ ಇಲ್ಲ. ತೂಗಿದರೆ ಅದು ಕೆಲವು ತೊಲೆ. ಆದರೆ ಆ ಸವೆದ ಮುಚ್ಚಳದಲ್ಲಿ ಒಬ್ಬ ವ್ಯಕ್ತಿಯ ಐವತ್ತು ವರ್ಷಗಳ ನಿಷ್ಠೆ ಗುರುತಾಗಿ ನಿಂತಿದೆ. ವಸ್ತುವನ್ನು ಮೂಸೆಗೆ ಹಾಕಿದರೆ ಬೆಳ್ಳಿಗೆ ಅನ್ಯಾಯವಾಗುವುದಿಲ್ಲ. ಆ ವ್ಯಕ್ತಿಯನ್ನು ನಾವು ಇನ್ನೊಮ್ಮೆ ಕಳೆದುಕೊಳ್ಳುತ್ತೇವೆ. ವಸ್ತುವಿನ ಮೇಲಣ ಆದರವೆಂಬುದು ನಿಜವಾಗಿ ಅದನ್ನು ಮಾಡಿದ, ಬಳಸಿದ, ಕೊಟ್ಟ ಮನುಷ್ಯರ ಮೇಲಣ ಆದರ.

ಇನ್ನು ‘ಇದು ಯಾರದು’ ಎಂಬ ಪ್ರಶ್ನೆ ಎಷ್ಟು ಗಹನವಾದುದೆಂಬುದಕ್ಕೆ ತಮಿಳುನಾಡಿನ ಪತ್ತೂರಿನ ನಟರಾಜನ ಪ್ರಸಂಗವೇ ನಿದರ್ಶನ. ೧೯೭೬ರಲ್ಲಿ ಕೂಲಿಕಾರನೊಬ್ಬನು ಪಾಳುಬಿದ್ದ ಗುಡಿಯ ಆವರಣದಲ್ಲಿ ಅಗೆಯುವಾಗ ಆ ಕಂಚಿನ ವಿಗ್ರಹ ದೊರೆಯಿತು. ಕೈಯಿಂದ ಕೈಗೆ ಮಾರಾಟವಾಗಿ ಅದು ಲಂಡನ್ನಿಗೆ ಹೋಯಿತು. ೧೯೮೨ರಲ್ಲಿ ಕೆನಡಾದ ಒಂದು ಕಂಪನಿ ಅದನ್ನು ಕೊಂಡಿತು. ಹಣ ಕೊಟ್ಟವರು ತಾವು, ಆದುದರಿಂದ ತಮ್ಮದು ಎಂಬುದು ಕೊಂಡವರ ವಾದ. ೧೯೮೮ರಲ್ಲಿ ಲಂಡನ್ನಿನ ನ್ಯಾಯಾಲಯವು ವಿಗ್ರಹವನ್ನು ಹಿಂದಿರುಗಿಸಬೇಕೆಂದು ತೀರ್ಪಿತ್ತಿತು. ೧೯೯೧ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ನಿರ್ಣಯ ಸ್ಥಿರವಾಯಿತು. ಪಾಳುಬಿದ್ದ ದೇವಾಲಯವೂ ತನ್ನ ಪ್ರತಿನಿಧಿಯ ಮೂಲಕ ನ್ಯಾಯ ಕೇಳಬಹುದೆಂದು ಆಂಗ್ಲರ ನ್ಯಾಯಾಲಯವು ಒಪ್ಪಿದ್ದು ಸಾಮಾನ್ಯವಾದ ಸಂಗತಿಯಲ್ಲ. ಕೈಯಲ್ಲಿ ಇದ್ದ ಮಾತ್ರಕ್ಕೆ ವಸ್ತುವು ನಮ್ಮದಾಗದು; ಹಣ ಕೊಟ್ಟ ಮಾತ್ರಕ್ಕೂ ಆಗದು. ಯಾರೂ ಕೇಳುವವರಿಲ್ಲವೆಂದರೆ ಒಡೆಯರಿಲ್ಲವೆಂದು ಅರ್ಥವಲ್ಲ.

ಇಷ್ಟನ್ನೆಲ್ಲ ಓದಿ ತಿಳಿದಿದ್ದ ನಾವು ಮಾಡಿದ ತಪ್ಪನ್ನು ಈಗ ಹೇಳಬೇಕು. ೨೦೦೮ರಲ್ಲಿ ನಮ್ಮ ಮಠದ ಹಳೆಯ ದಾಸೋಹದ ಮನೆಯನ್ನು ಕೆಡವಿ ಹೊಸ ಕಟ್ಟಡ ಕಟ್ಟಿಸಿದೆವು. ಕೆತ್ತನೆಯ ಸಾಗುವಾನಿ ಬಾಗಿಲವಾಡ, ಆರು ಕಂಬ, ಎರಡು ತಾಮ್ರದ ಹಂಡೆ, ಒಂದು ದೊಡ್ಡ ಕೊಪ್ಪರಿಗೆ ಇವನ್ನು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಸ್ಟೀಲಿನ ಪಾತ್ರೆಗಳು ಬಂದಿದ್ದುವು, ಹಳೆಯವು ಯಾತಕ್ಕೆ? ವಸ್ತುಗಳ ಮೇಲೆ ವ್ಯಾಮೋಹ ಸಲ್ಲದೆಂದು ಆ ವಾರವೇ ಪ್ರವಚನದಲ್ಲಿ ಹೇಳಿದ್ದೆವು.

ಲಾರಿಗೆ ಸಾಮಾನು ಏರಿಸುವಾಗ ದಾಸೋಹದಲ್ಲಿ ರೊಟ್ಟಿ ಬಡಿಯುತ್ತಿದ್ದ ವೃದ್ಧ ತಾಯಿಯೊಬ್ಬರು ಹತ್ತಿರ ಬಂದು ಕೊಪ್ಪರಿಗೆಯ ಅಂಚನ್ನು ಸವರುತ್ತ, “ಅಪ್ಪಾರ, ಇದರ ಕಂಠದ ಮ್ಯಾಲ ನಮ್ಮವ್ವನ ಹೆಸರೈತಿ” ಎಂದರು. ಬಗ್ಗಿ ನೋಡಿದೆವು. ನಿಜ. ೧೯೭೨ರ ಬರದ ವರ್ಷ, ಮಠದಲ್ಲಿ ಊರಿಗೆ ಗಂಜಿ ಕಾಸುತ್ತಿದ್ದಾಗ, ಆಕೆಯ ತಾಯಿ ಕೊರಳ ಗುಂಡಿನ ಸರವನ್ನು ಮಾರಿ ಮಾಡಿಸಿಕೊಟ್ಟ ಕೊಪ್ಪರಿಗೆಯದು. ಆ ಹೊತ್ತಿನಲ್ಲಿಯಾದರೂ ನಾವು ಲಾರಿಯನ್ನು ನಿಲ್ಲಿಸಬೇಕಾಗಿತ್ತು. ಅದರ ಬದಲು, “ತಾಯಿ, ಹೆಸರು ಅಳಿಯತಕ್ಕದ್ದೇ, ಮಾಡಿದ ಪುಣ್ಯ ಉಳಿಯುತ್ತದೆ” ಎಂದೆವು. ಆಕೆ ಎದುರು ಮಾತನಾಡಲಿಲ್ಲ. ಸೆರಗಿನಿಂದ ಕೊಪ್ಪರಿಗೆಯ ಮೇಲಣ ಧೂಳನ್ನು ಒರಸಿ ಹಿಂದೆ ಸರಿದರು.

ಹಾಗೆ ಒರಸಿದ್ದನ್ನು ಹಿಂದೆ ಎಲ್ಲಿಯೋ ಕಂಡಂತಿತ್ತು. ರಾತ್ರಿ ಪೂಜೆಗೆ ಕುಳಿತಾಗ ಕಾಕಾ ಅವರ ನೆನಪಾಯಿತು. ಅವರ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಂಡೆವು. ಇದು ಯಾರದು? ನಮ್ಮದಲ್ಲ, ಕೊಟ್ಟವರದು, ಉಂಡವರದು. ಏಕೆ ಮಾರಿದಿರಿ? ಇಡಲು ಸ್ಥಳವಿಲ್ಲವೆಂಬುದು ನೆಪ, ಸೋಮಾರಿತನವೇ ಕಾರಣ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತೆ? ಯಾರನ್ನೂ ಕೇಳಿರಲಿಲ್ಲ. ಮರುದಿನ ಆಳನ್ನು ಕಳಿಸಿದೆವು. ಬಾಗಿಲವಾಡ ಸಿಕ್ಕಿತು, ಇಂದಿಗೂ ಅದು ಮಠದಲ್ಲಿದೆ. ತಾಮ್ರವು ಆಗಲೇ ಕುಲುಮೆಗೆ ಹೋಗಿತ್ತು.

ವಾಚಕರೇ, ವಸ್ತುಗಳ ವಿಷಯದಲ್ಲಿ ಮನುಷ್ಯನು ಎರಡು ಬಗೆಯಲ್ಲಿ ತಪ್ಪುತ್ತಾನೆ. ಒಂದು ವ್ಯಾಮೋಹ, ‘ನನ್ನದು’ ಎಂದು ಅಪ್ಪಿಕೊಂಡು ಯಾರಿಗೂ ಬಿಡದಿರುವುದು. ಇದನ್ನು ಎಲ್ಲ ಶಾಸ್ತ್ರಗಳೂ ಖಂಡಿಸಿವೆ. ಇನ್ನೊಂದು ಅನಾದರ; ‘ಇದರಿಂದ ನನಗೇನು’ ಎಂದು ಎಸೆದುಬಿಡುವುದು. ಎರಡನೆಯದು ವೈರಾಗ್ಯದ ಕಾಷಾಯವನ್ನು ಉಟ್ಟು ಬರುವುದರಿಂದ ಗುರುತು ಹಿಡಿಯುವುದು ಕಷ್ಟ. ಆದರೆ ಎರಡರ ಮಧ್ಯದಲ್ಲಿಯೂ ಇರುವುದು ಒಂದೇ ‘ನಾನು’. ವ್ಯಾಮೋಹಿಗೆ ವಸ್ತುವು ತನ್ನ ಸುಖಕ್ಕಾಗಿ ಇದೆ. ಅನಾದರವುಳ್ಳವನಿಗೆ ತನ್ನ ಸುಖಕ್ಕೆ ಒದಗದ ವಸ್ತುವು ಇಲ್ಲವೇ ಇಲ್ಲ. ನಿಜವಾದ ವೈರಾಗ್ಯವು ತನ್ನ ಹಕ್ಕನ್ನು ಬಿಡುತ್ತದೆ, ತನ್ನ ಹೊಣೆಯನ್ನು ಬಿಡುವುದಿಲ್ಲ. ದಾಸೋಹಭಾವವೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಅಲ್ಲವೆ? ಕೈಯಲ್ಲಿರುವುದು ನಮ್ಮದಲ್ಲವೆಂದು ಅರಿತವನು ಅದನ್ನು ಹೆಚ್ಚು ಜೋಪಾನವಾಗಿ ಕಾಯಬೇಕು, ಕಡಿಮೆ ಜೋಪಾನವಾಗಿ ಅಲ್ಲ.

ಇವೆರಡೂ ಒಬ್ಬರಲ್ಲಿಯೇ ಕೂಡಿರುವುದನ್ನು ಕಾಣಬೇಕಾದರೆ ವಿಜಯಪುರದ ಫ.ಗು. ಹಳಕಟ್ಟಿಯವರ ಜೀವನವನ್ನು ನೋಡಬೇಕು. ಮನೆ ಮನೆಗಳ ಅಟ್ಟದ ಮೇಲೆ ಹೊಗೆ ಹಿಡಿದು, ಹುಳು ತಿಂದು, ಹೆಚ್ಚೆಂದರೆ ಹಬ್ಬದಲ್ಲಿ ಒಮ್ಮೆ ವಿಭೂತಿ ಹಚ್ಚಿಸಿಕೊಂಡು ಬಿದ್ದಿದ್ದ ತಾಡೋಲೆಗಳನ್ನು ಅವರು ಅರಸಿ ತಂದು, ಓದಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರು. ತಮ್ಮ ಮನೆಯ ಮೇಲೆ ಅವರಿಗೆ ವ್ಯಾಮೋಹವಿರಲಿಲ್ಲ. ಪರರ ಮನೆಯ ಒಣಗಿದ ಗರಿಯ ಮೇಲೆ ಅನಾದರವಿರಲಿಲ್ಲ.

ಆದಕಾರಣ ಹಳೆಯದೆಲ್ಲವನ್ನೂ ಕೂಡಿಡಿರೆಂದು ನಾವು ಹೇಳುತ್ತಿಲ್ಲ. ಸಣ್ಣ ಮನೆಗಳಲ್ಲಿ ವಾಸಿಸುವವರಿಗೆ ಅದು ಸಾಧ್ಯವೂ ಅಲ್ಲ. ಕಷ್ಟ ಬಂದಾಗ ಮಾರುವುದು ಪಾಪವೂ ಅಲ್ಲ. ಮಗಳ ಬಾಣಂತನಕ್ಕಾಗಿ ಕರಡಿಗೆಯನ್ನು ಮಾರಿದವರು ತಪ್ಪು ಮಾಡಿದರೆಂದು ಇಂದು ನಾವು ಹೇಳಲಾರೆವು. ಜೀವ ದೊಡ್ಡದು, ಬೆಳ್ಳಿಯಲ್ಲ. ನಾವು ಕೇಳಿಕೊಳ್ಳುವುದಿಷ್ಟೆ: ಮನೆ ಕೆಡಹುವಾಗ, ಪಾಲು ಮಾಡುವಾಗ, ಗುಜರಿಯವರನ್ನು ಕರೆಯುವಾಗ ಆ ಮೂರು ಪ್ರಶ್ನೆಗಳನ್ನು ಒಮ್ಮೆ ಕೇಳಿಕೊಳ್ಳಿರಿ. ಮನೆಯ ಹಿರಿಯರಿದ್ದರೆ ಅವರಿಂದ ವಸ್ತುವಿನ ಕಥೆಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ತಾಡೋಲೆಯಿದ್ದರೆ ವಿಶ್ವವಿದ್ಯಾಲಯದವರಿಗೆ ತೋರಿಸಿರಿ. ಪಾತ್ರೆಯ ಕಂಠದ ಮೇಲೆ ಹೆಸರಿದೆಯೆ ಎಂದು ಬಗ್ಗಿ ನೋಡಿರಿ.

ಕೊಪ್ಪರಿಗೆ ಹೋದ ಕೆಲವು ತಿಂಗಳ ತರುವಾಯ ಧಾರವಾಡಕ್ಕೆ ಹೋದಾಗ ಆ ಓಣಿಯನ್ನು ಹುಡುಕಿಕೊಂಡು ಹೋದೆವು. ಈ ಸಲ ಕರಡಿಗೆಯನ್ನು ಕೈನೀಡಿ ಇಸಿದುಕೊಳ್ಳಬೇಕೆಂಬುದು ನಮ್ಮ ಮನಸ್ಸಿನಲ್ಲಿತ್ತು. ಅಂಗಡಿಯ ಸ್ಥಳದಲ್ಲಿ ಮೊಬೈಲ್ ಫೋನಿನ ಮಳಿಗೆ ಇದ್ದಿತು. ಕಾಕಾ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಪಕ್ಕದವರು ಹೇಳಿದರು. ಸಾಮಾನು ಯಾರ ಪಾಲಾಯಿತು, ಆ ಕಿರ್ದಿ ಪುಸ್ತಕ ಎಲ್ಲಿ ಹೋಯಿತು ಎಂಬುದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.