ಕಾಣದ ಯುದ್ಧ, ಕಾಣದ ಜಯ

ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ, ನಮ್ಮ ಬಸದಿಯ ಸಭಾಮಂಟಪದಲ್ಲಿ ಸ್ವಾಧ್ಯಾಯ ಮುಗಿಯುತ್ತಿದ್ದ ವೇಳೆಗೆ, ಕ್ರೈಸ್ತ ವಿದ್ಯಾಸಂಸ್ಥೆಯೊಂದರಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಅವರ ಸ್ವಾಮಿ ಅವರಿಗಾಗಿ ಪ್ರಾಣ ಕೊಟ್ಟನಂತೆ. ನಮ್ಮ ತೀರ್ಥಂಕರರು ನಮಗಾಗಿ ಏನು ಕೊಟ್ಟರು?" ಎಂದು ಕೇಳಿದಳು. ಕೆಲವರು ನಕ್ಕರು. ಅಂದು ಗ್ರಂಥ ವಾಚನಕ್ಕೆ ಕುಳಿತಿದ್ದವನು ನಾನು. "ನಮ್ಮಲ್ಲಿ ಒಬ್ಬರ ಸಾಲವನ್ನು ಇನ್ನೊಬ್ಬರು ತೀರಿಸುವ ಪದ್ಧತಿಯಿಲ್ಲ ತಾಯಿ" ಎಂದು ಅಂಗಡಿಯ ಮಾತಿನಲ್ಲಿಯೇ ಉತ್ತರ ಹೇಳಿ ಅವಳನ್ನು ಕೂರಿಸಿಬಿಟ್ಟೆ. ಸಭೆಗೆ ಉತ್ತರ ಮೆಚ್ಚುಗೆಯಾಯಿತು. ಸಿದ್ಧಾಂತದ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಆದರೆ ಆ ಮಗು ಯಾವುದನ್ನು ಕುರಿತು ಕೇಳಿತೋ ಅದನ್ನು ಅರಿಯದೆಯೇ ಉತ್ತರಿಸಿದೆನೆಂಬ ಅಳುಕು ನನ್ನಲ್ಲಿ ಉಳಿಯಿತು. ಅನೇಕಾಂತವನ್ನು ದಿನವೂ ಬಾಯಲ್ಲಿ ಹೇಳುವವನು ಪರಮತದ ಮಾತನ್ನು ಅದರ ಅತ್ಯುತ್ತಮ ರೂಪದಲ್ಲಿ ಕೇಳಿಸಿಕೊಳ್ಳದೆ ಖಂಡಿಸುವುದು ನ್ಯಾಯವಲ್ಲ. ಅಂದಿನಿಂದ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ನನ್ನನ್ನು ಬೆರಗುಗೊಳಿಸಿದ್ದು ಕ್ರೈಸ್ತರ ಯುದ್ಧ ಪರಿಭಾಷೆ. ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಭಕ್ತನನ್ನು ರೋಮನ್ ಸೈನಿಕನಂತೆ ಸಜ್ಜುಗೊಳಿಸಲಾಗಿದೆ. ಸತ್ಯವು ಅವನ ನಡುಪಟ್ಟಿ, ನೀತಿಯು ಎದೆಗವಚ, ವಿಶ್ವಾಸವು ಗುರಾಣಿ. ಅವನ ವೈರಿ ರಕ್ತಮಾಂಸವುಳ್ಳ ಮನುಷ್ಯನಲ್ಲ, ಕಣ್ಣಿಗೆ ಕಾಣದ ದುಷ್ಟ ಶಕ್ತಿಗಳು ಎಂಬುದು ಅಲ್ಲಿಯ ಸ್ಪಷ್ಟ ನುಡಿ. ಇದನ್ನು ಓದುವಾಗ ಉತ್ತರಾಧ್ಯಯನ ಸೂತ್ರದ 9ನೆಯ ಅಧ್ಯಾಯದ ನಮಿರಾಜರ್ಷಿ ನೆನಪಾಗದಿರಲು ಸಾಧ್ಯವೇ? ಆ ಆಗಮವು ಶ್ವೇತಾಂಬರ ಪರಂಪರೆಯದಾದರೂ ಕಥೆ ಎಲ್ಲ ಜೈನರಿಗೂ ಪ್ರಿಯವಾದುದು. ಬ್ರಾಹ್ಮಣ ವೇಷದಿಂದ ಬಂದ ಇಂದ್ರನು 'ಕೋಟೆ ಕಟ್ಟಿಸು, ಶತ್ರುಗಳನ್ನು ಗೆಲ್ಲು, ಆಮೇಲೆ ದೀಕ್ಷೆ ಪಡೆ' ಎಂದಾಗ, ನಮಿಯು ಶ್ರದ್ಧೆಯನ್ನೇ ನಗರವಾಗಿ, ಕ್ಷಮೆಯನ್ನೇ ಪ್ರಾಕಾರವಾಗಿ, ಪುರುಷಾರ್ಥವನ್ನೇ ಧನುಸ್ಸಾಗಿ ಮಾಡಿಕೊಂಡು, ತನ್ನನ್ನು ತಾನು ಗೆಲ್ಲುವ ಜಯವೇ ಪರಮ ಜಯವೆಂದು ಉತ್ತರಿಸುತ್ತಾನೆ. ನಮ್ಮ ಧರ್ಮದ ಹೆಸರೇ ಗೆಲುವಿನಿಂದ ಬಂದುದು. ಗೆದ್ದವನು ಜಿನ. ಅರಿಗಳನ್ನು ಹನನ ಮಾಡಿದವನು ಅರಿಹಂತ. ಆ ಅರಿಗಳು ನಾಲ್ಕು ಘಾತಿಕರ್ಮಗಳು, ಅವುಗಳ ಸೇನಾಪತಿ ಮೋಹನೀಯ. ಅಹಿಂಸೆಯನ್ನು ಪರಮಧರ್ಮವೆಂದ ನಾವೇ ಇಷ್ಟು ಕಾಳಗದ ಮಾತಾಡುವಾಗ ಅವರನ್ನು ನೋಡಿ ಹುಬ್ಬೇರಿಸಬೇಕಾದ ಅಗತ್ಯವಿಲ್ಲ.

ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ಮುಂದಿನದು ನಮಗೆ ಅಪರಿಚಿತ ಪ್ರದೇಶ. ಕ್ರೈಸ್ತರ ಯುದ್ಧದಲ್ಲಿ ಗೆಲ್ಲುವವನು ಸೋತವನಂತೆ ಕಾಣುತ್ತಾನೆ. ರೋಮಿನಲ್ಲಿ ಗೆದ್ದ ದಂಡನಾಯಕನು ರಥವೇರಿ, ಸೆರೆಯಾಳುಗಳನ್ನು ಮುಂದೆ ನಡೆಸಿಕೊಂಡು ನಗರವನ್ನು ಪ್ರವೇಶಿಸುವ ವಿಜಯೋತ್ಸವವಿತ್ತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಆ ಚಿತ್ರವನ್ನೇ ತಲೆಕೆಳಗು ಮಾಡುತ್ತದೆ. ಬಟ್ಟೆ ಕಳಚಿ ಶಿಲುಬೆಗೆ ಹಾಕಲ್ಪಟ್ಟವನೇ ವಿಜಯಿ, ಕೊಲ್ಲಿಸಿದ ಅಧಿಕಾರಗಳೇ ಅವನ ಮೆರವಣಿಗೆಯ ಸೆರೆಯಾಳುಗಳು! ಆ ಜಯವನ್ನು ಅಂದು ಯಾರೂ ಕಾಣಲಿಲ್ಲ. ಶಿಷ್ಯರು ಓಡಿಹೋಗಿದ್ದರು. ಹಿಡಿಯಲು ಬಂದವರ ಮೇಲೆ ಕತ್ತಿಯೆತ್ತಿದ ಪೇತ್ರನಿಗೆ, ಅದನ್ನು ಒರೆಗೆ ಸೇರಿಸೆಂದು ಯೇಸು ಹಿಂದಿನ ರಾತ್ರಿಯೇ ಹೇಳಿದ್ದನು.

ಹಾಗಾದರೆ ಆ ಮರಣದಿಂದ ಜಯವಾದದ್ದು ಹೇಗೆ? ಇಲ್ಲಿ ಕ್ರೈಸ್ತರಲ್ಲಿಯೇ ಏಕಾಭಿಪ್ರಾಯವಿಲ್ಲ. 4ನೆಯ ಶತಮಾನದಲ್ಲಿ ನಿಸ್ಸದ ಗ್ರೆಗೊರಿಯು ಗಾಳದ ಉಪಮೆ ಕೊಟ್ಟನು: ಮಾನವ ದೇಹವೆಂಬ ಎರೆಯನ್ನು ನುಂಗಿದ ಸೈತಾನನು ಅದರೊಳಗೆ ಅಡಗಿದ್ದ ದೈವತ್ವದ ಕೊಕ್ಕೆಗೆ ಸಿಕ್ಕಿದನು. ಸೈತಾನನಿಗೆ ಒತ್ತೆಹಣ ಕೊಡುವುದೆಂಬ ಮಾತನ್ನು ಅವನ ಮಿತ್ರ ನಾಜಿಯಾಂಜಸದ ಗ್ರೆಗೊರಿಯೇ ಒಪ್ಪಲಿಲ್ಲ. ಮುಂದೆ ಕ್ಯಾಂಟರ್ಬರಿಯ ಧರ್ಮಾಧ್ಯಕ್ಷ ಆನ್ಸೆಲ್ಮನು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಇಡೀ ವಿಷಯವನ್ನು ಋಣದ ಭಾಷೆಗೆ ತಿರುಗಿಸಿದನು. ಮನುಷ್ಯನು ದೇವರ ಗೌರವಕ್ಕೆ ತಂದ ಕುಂದು ಒಂದು ಸಾಲ. ಅದನ್ನು ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಆದುದರಿಂದ ದೇವಮಾನವನೇ ತೀರಿಸಬೇಕಾಯಿತು. ನಲವತ್ತು ವರ್ಷ ಜಮಾಖರ್ಚಿನ ಪುಸ್ತಕ ಬರೆದವನಿಗೆ ಈ ವಾದ ಕೂಡಲೇ ಹಿಡಿಸಬೇಕಾಗಿತ್ತು. ನಿಜ ಹೇಳಬೇಕೆಂದರೆ, ನನಗೆ ಅದೇ ಎಲ್ಲಕ್ಕಿಂತ ಕಡಿಮೆ ರುಚಿಸಿತು. ಸಾಲಗಾರನನ್ನು ಕ್ಷಮಿಸಲು ಸಾಹುಕಾರನಿಗೆ ಮನಸ್ಸಿದ್ದರೆ ಖಾತೆಗೆ ಗೀಟು ಹಾಕಿದರಾಯಿತು, ಮೂರನೆಯವನ ರಕ್ತವೇಕೆ? ಸಭೆಯಲ್ಲಿ ನಾನು ಖಂಡಿಸಿದ್ದೂ ಈ ಒಂದು ವಾದವನ್ನೇ. ಅದೇ ಇಡೀ ಕ್ರೈಸ್ತ ಮತವೆಂದು ಭಾವಿಸಿದ್ದೆ.

ಸ್ವೀಡನ್ ದೇಶದ ಗುಸ್ತಾಫ್ ಔಲೇನ್ ಎಂಬ ವಿದ್ವಾಂಸನ ಗ್ರಂಥವು 1931ರಲ್ಲಿ 'ಕ್ರಿಸ್ತುಸ್ ವಿಕ್ಟರ್' ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂದಿತು. ವಿಜಯಿಯಾದ ಕ್ರಿಸ್ತ ಎಂಬುದು ಆ ಹೆಸರಿನ ಅರ್ಥ. ಮೊದಲ ಸಾವಿರ ವರ್ಷಗಳ ಕ್ರೈಸ್ತರಿಗೆ ಶಿಲುಬೆಯು ಮುಖ್ಯವಾಗಿ ಪಾಪ, ಮೃತ್ಯು, ಸೈತಾನರ ಮೇಲಿನ ರಣಜಯವಾಗಿತ್ತೇ ಹೊರತು ಸಾಲ ತೀರುವಳಿಯಾಗಿರಲಿಲ್ಲವೆಂದು ಅವನು ವಾದಿಸಿದನು. ಈ ಇತಿಹಾಸ ನಿರೂಪಣೆ ಸರಳೀಕೃತವೆಂದು ಆಕ್ಷೇಪಿಸಿದವರೂ ಉಂಟು. ಆದರೂ ಅವನ ದೃಷ್ಟಿಯಿಂದ ನೋಡಿದಾಗ ನನಗೆ ಒಂದು ಬಾಗಿಲು ತೆರೆಯಿತು. ದ್ವೇಷವು ತನ್ನ ಕಡೆಯ ಆಯುಧವಾದ ಕೊಲೆಯನ್ನು ಪ್ರಯೋಗಿಸಿದ ಮೇಲೂ ಎದುರಿಗಿದ್ದವನಲ್ಲಿ ದ್ವೇಷವನ್ನು ಹುಟ್ಟಿಸಲಾರದೆ ಹೋದರೆ, ಸೋತುದು ದ್ವೇಷವೇ. ಇದು ಜೈನನಿಗೆ ಅರ್ಥವಾಗದ ಮಾತಲ್ಲ. ಕಮಠನ ಕಲ್ಲುಮಳೆಯಲ್ಲಿ ಭಗವಾನ್ ಪಾರ್ಶ್ವನಾಥರು ಕದಲದೆ ನಿಂತುದನ್ನು ನಾವು ಸೋಲೆನ್ನುತ್ತೇವೆಯೇ?

ಬಲಿ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಮೈ ನಡುಗುವುದು ಸಹಜ. ಹಿಟ್ಟಿನ ಕೋಳಿಯನ್ನು ಕೊಯ್ದ ಸಂಕಲ್ಪ ಹಿಂಸೆಗಾಗಿ ತಾಯಿಮಕ್ಕಳು ಜನ್ಮ ಜನ್ಮಾಂತರ ತೊಳಲಿದ ಕಥೆಯನ್ನು ಜನ್ನನು 1209ರಲ್ಲಿ ಯಶೋಧರ ಚರಿತೆಯಾಗಿ ಬರೆದನು. ಅದನ್ನು ಕೇಳಿ ಬೆಳೆದವರು ನಾವು. ಆದರೆ ಅದೇ ಕಾವ್ಯದ ಹೊರ ಚೌಕಟ್ಟನ್ನು ನೋಡಿರಿ. ಚಂಡಮಾರಿಯ ಗುಡಿಗೆ ಎಳೆದು ತಂದ ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯ ತಪಸ್ವಿಗಳು ಮಾರಿದತ್ತನ ಕತ್ತಿಯ ಮುಂದೆ ಅಳುಕದೆ ನಿಲ್ಲುತ್ತಾರೆ. ಬಲಿಯಾಗಬೇಕಾದವರ ನಿರ್ಭಯತೆಯೇ ಬಲಿ ಕೊಡುವವನ ಕೈಯಿಂದ ಕತ್ತಿಯನ್ನು ಬಿಡಿಸುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯು, ಯೇಸುವಿನ ಮರಣದ ತರುವಾಯ ಹೋರಿ ಹೋತಗಳ ಬಲಿಗೆ ಅರ್ಥವೇ ಉಳಿಯಲಿಲ್ಲವೆಂದು ಸಾರುತ್ತದೆ. ಬಲಿಯ ಪರಿಭಾಷೆಯಿಂದಲೇ ಬಲಿಯನ್ನು ಮುಗಿಸುವ ಈ ದಾರಿ ನಮ್ಮದಲ್ಲ. ಆದರೆ ಅದರ ಫಲವನ್ನು ಅಲ್ಲಗಳೆಯುವಂತಿಲ್ಲ.

ಮಾತನ್ನು ಆಚರಣೆಯಿಂದ ಪರೀಕ್ಷಿಸಬೇಕಲ್ಲವೇ? ಪೋಲೆಂಡಿನ ಫ್ರಾನ್ಸಿಸ್ಕನ್ ಸನ್ಯಾಸಿ ಮ್ಯಾಕ್ಸಿಮಿಲಿಯನ್ ಕೋಲ್ಬೆಯು 1917ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ರೋಮಿನಲ್ಲಿ ಒಂದು ಸಂಘ ಕಟ್ಟಿದನು. ಮಾತೆ ಮರಿಯಳ ಹೆಸರಿನ ಆ ಸಂಘವನ್ನು ಅವನು ಕರೆದದ್ದು ಸೇನೆಯೆಂದೇ. ಅವನ ಪತ್ರಿಕೆಗಳಲ್ಲಿ ಯಹೂದ್ಯರ ವಿರುದ್ಧ ಕಟುವಾದ ಬರಹಗಳೂ ಅಚ್ಚಾದುವು. ಅದನ್ನು ಮುಚ್ಚಿಡುವುದು ಸಲ್ಲದು. ಯುದ್ಧ ಬಂದಾಗ ಅವನ ಮಠವು ಆಶ್ರಯ ಕೊಟ್ಟ ನಿರಾಶ್ರಿತರಲ್ಲಿ ಯಹೂದ್ಯರೂ ಇದ್ದರೆಂಬುದೂ ಅಷ್ಟೇ ನಿಜ. 1941ರ ಮೇ ತಿಂಗಳಲ್ಲಿ ನಾಜಿಗಳು ಅವನನ್ನು ಆಶ್‌ವಿಟ್ಸ್ ಶಿಬಿರಕ್ಕೆ ಒಯ್ದರು. ಜುಲೈ ಕೊನೆಯಲ್ಲಿ ಕೈದಿಯೊಬ್ಬನು ಕಾಣೆಯಾದುದಕ್ಕೆ ಪ್ರತೀಕಾರವಾಗಿ ಹತ್ತು ಮಂದಿಯನ್ನು ಉಪವಾಸದಿಂದ ಕೊಲ್ಲಲು ಆರಿಸಲಾಯಿತು. ಅವರಲ್ಲೊಬ್ಬನಾದ ಫ್ರಾನ್ಸಿಷೆಕ್ ಗಯೋವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದನು. ಕೋಲ್ಬೆ ಸಾಲಿನಿಂದ ಹೊರಬಂದು, ಅವನ ಬದಲಿಗೆ ತನ್ನನ್ನು ತೆಗೆದುಕೊಳ್ಳಿರೆಂದನು. ನೆಲಮಾಳಿಗೆಯ ಆ ಕೋಣೆಯಿಂದ ಶಾಪದ ಕೂಗಿಗೆ ಬದಲು ಪ್ರಾರ್ಥನೆ ಕೇಳಿಸುತ್ತಿತ್ತೆಂದು, ಅಲ್ಲಿ ದುಭಾಷಿಯಾಗಿದ್ದ ಕೈದಿಯೊಬ್ಬನು ಯುದ್ಧಾನಂತರ ಸಾಕ್ಷ್ಯ ನುಡಿದನು. ಎರಡು ವಾರಗಳಾದರೂ ಜೀವ ಹೋಗದಿದ್ದ ಕೋಲ್ಬೆಯನ್ನು 14 ಆಗಸ್ಟ್ 1941ರಂದು ವಿಷದ ಚುಚ್ಚುಮದ್ದಿನಿಂದ ಕೊಂದರು. ಆಗ ಅವನಿಗೆ 47 ವರ್ಷ. ಇಲ್ಲಿ ಜಯವೆಲ್ಲಿ? ಶಿಬಿರ ನಿಲ್ಲಲಿಲ್ಲ, ಉಳಿದ ಒಂಬತ್ತು ಮಂದಿ ಬದುಕಲಿಲ್ಲ. ಆದರೆ ಮನುಷ್ಯನನ್ನು ಕೇವಲ ಒಂದು ಸಂಖ್ಯೆಯಾಗಿ ಮಾಡಲೆಂದೇ ಕಟ್ಟಿದ ಸ್ಥಳದಲ್ಲಿ ಒಬ್ಬನು ತನ್ನ ಮರಣವನ್ನು ತಾನೇ ದಾನವಾಗಿ ಕೊಟ್ಟನು. ಅದನ್ನು ಕಿತ್ತುಕೊಳ್ಳುವ ಅಧಿಕಾರ ಯಾವ ಸೇನಾಧಿಕಾರಿಗೂ ಇರಲಿಲ್ಲ.

ಇದನ್ನು ನಮ್ಮ ಸಲ್ಲೇಖನದೊಂದಿಗೆ ಬೆರೆಸಬಾರದು. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಅಪರಾಧವೆಂದಾಗ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಾಗ, ನಾವೆಲ್ಲ ವಿವರಿಸಿದೆವಲ್ಲವೇ: ಸಲ್ಲೇಖನವು ಇನ್ನೊಬ್ಬರಿಗಾಗಿ ಸಾಯುವುದಲ್ಲ, ಕಷಾಯಗಳನ್ನು ಕೃಶಗೊಳಿಸುತ್ತ ದೇಹವನ್ನು ಬಿಡುವುದು. ಕೋಲ್ಬೆಯದು ಬೇರೆ. ಅವನು ಸಾವನ್ನು ಆರಿಸಲಿಲ್ಲ, ಸಾಯುವ ಸರದಿಯನ್ನು ಬದಲಾಯಿಸಿದನು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಒಬ್ಬನ ಜಯ ಇನ್ನೊಬ್ಬನದಾಗಬಲ್ಲುದೇ? ನಮ್ಮ ಉತ್ತರಕ್ಕೆ ಉಪಾದಾನ, ನಿಮಿತ್ತ ಎಂಬ ಎರಡು ಶಬ್ದಗಳು ಬೇಕು. ಬೀಜವೇ ಮೊಳಕೆಯಾಗಬೇಕು, ಅದು ಉಪಾದಾನ. ಮಳೆ ನಿಮಿತ್ತ. ಕೋಲ್ಬೆಯ ಪುಣ್ಯ ಗಯೋವ್ನಿಚೆಕನ ಖಾತೆಗೆ ವರ್ಗವಾಗಲಿಲ್ಲ. ಅವನ ದುಃಖವೂ ತಪ್ಪಲಿಲ್ಲ: ಶಿಬಿರದಿಂದ ಬದುಕಿ ಬಂದರೂ, ಯಾರಿಗಾಗಿ ಅತ್ತನೋ ಆ ಇಬ್ಬರು ಗಂಡುಮಕ್ಕಳನ್ನು ಅವನು ಮತ್ತೆ ಕಾಣಲಿಲ್ಲ, ಅವರು ಯುದ್ಧದ ಕೊನೆಯಲ್ಲಿ ಸತ್ತಿದ್ದರು. ಅವನಿಗೆ ದೊರೆತದ್ದು ಕಾಲಾವಕಾಶ ಮಾತ್ರ. ಅದನ್ನು ಏನು ಮಾಡಬೇಕೆಂಬುದು ಅವನದೇ ಪುರುಷಾರ್ಥ. ಕ್ರೈಸ್ತನು ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತಾನೆ. ಕ್ರಿಸ್ತನು ತನ್ನ ಪಾಲಿಗೆ ಬರಿಯ ಮಳೆಯಲ್ಲ, ಬೀಜದೊಳಗಿನ ಜೀವವೇ ಎನ್ನುತ್ತಾನೆ. ಇಲ್ಲಿ ನಾವು ಬೇರೆಯಾಗುತ್ತೇವೆ, ಬೇರೆಯಾಗಿಯೇ ಇರಬೇಕು. ಆದರೆ ನಿಮಿತ್ತವನ್ನು ಅಲ್ಪವೆಂದು ಬದಿಗಿಟ್ಟದ್ದು ನನ್ನ ದೋಷ. ಜೀವರುಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥ ಸೂತ್ರದ 5ನೆಯ ಅಧ್ಯಾಯವೇ ಹೇಳುತ್ತದೆ. ಕೇವಲಜ್ಞಾನ ದೊರೆತ ಮೇಲೆ ತೀರ್ಥಂಕರರಿಗೆ ಪಡೆಯಬೇಕಾದುದೇನೂ ಉಳಿದಿರಲಿಲ್ಲ. ಆದರೂ ಸಮವಸರಣದಲ್ಲಿ ದಿವ್ಯಧ್ವನಿ ಹೊರಟಿತು. ನಮಗಾಗಿ ಏನು ಕೊಟ್ಟರೆಂಬುದಕ್ಕೆ ಅಂದೇ ಈ ಉತ್ತರವಿತ್ತು, ನನ್ನ ನಾಲಗೆಗೆ ಬರಲಿಲ್ಲ ಅಷ್ಟೆ.

ಕಾಣದ ಯುದ್ಧದ ಭಾಷೆಗೆ ಒಂದು ಅಪಾಯವೂ ಉಂಟು. 1095ರಲ್ಲಿ ಕ್ಲೆರ್ಮಾಂಟ್ ನಗರದಲ್ಲಿ ಪೋಪ್ ಎರಡನೆಯ ಅರ್ಬನ್ ಕರೆಕೊಟ್ಟ ಮೇಲೆ ಶಿಲುಬೆಯನ್ನು ಬಟ್ಟೆಗೆ ಹೊಲಿದುಕೊಂಡು ಹೊರಟವರು 1099ರಲ್ಲಿ ಜೆರುಸಲೇಮಿನಲ್ಲಿ ನೆತ್ತರು ಹರಿಸಿದರು. ರಕ್ತಮಾಂಸದ ವೈರಿ ಇಲ್ಲವೆಂದ ಪತ್ರಿಕೆ ಅವರ ಬಳಿಯೂ ಇತ್ತು. ನಮ್ಮಲ್ಲಿಯೂ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ದಂಡನಾಯಕನೇ ಆಗಿದ್ದನು. ಆದರೆ ಅವನು ನಿಲ್ಲಿಸಿದ ಮೂರ್ತಿ, ಗೆದ್ದ ಗಳಿಗೆಯಲ್ಲೇ ಗೆಲುವನ್ನು ಬಿಟ್ಟವನದು.

ಇನ್ನು ವಿಶ್ವಸ್ತ ಮಂಡಳಿಗಳ ಬಂಧುಗಳಿಗೆ ಒಂದು ಮಾತು. ಕರ್ಮ ವರ್ಗಾವಣೆ ಇಲ್ಲವೆಂದು ನಾವು ಪ್ರವಚನ ಮಾಡುತ್ತೇವೆ. ಅದೇ ದಿನ ಕಾರ್ಯಾಲಯದಲ್ಲಿ 'ಸ್ವರ್ಗೀಯ ತಂದೆಯವರ ಪುಣ್ಯಾರ್ಥ' ಎಂದು ರಸೀದಿ ಹರಿಯುತ್ತೇವೆ, ಅಭಿಷೇಕದ ಕಲಶವನ್ನು ಸವಾಲು ಕೂಗಿ ಹೆಚ್ಚು ಹಣಕ್ಕೆ ಕೊಡುತ್ತೇವೆ. ನಾನೂ ಕೂಗಿದವನೇ. ಇದು ಆನ್ಸೆಲ್ಮನ ಲೆಕ್ಕಕ್ಕಿಂತ ಎಷ್ಟು ದೂರ? ತಂದೆಯ ನೆನಪು ಮಗನ ದಾನಬುದ್ಧಿಗೆ ನಿಮಿತ್ತವಾಯಿತೆಂದರೆ ಸರಿ, ದಾನದ ಫಲ ತಂದೆಗೆ ಸಂದಿತೆಂದರೆ ನಾವು ಆ ಹುಡುಗಿಗೆ ಕೊಟ್ಟ ಉತ್ತರ ಸುಳ್ಳಾಗುತ್ತದೆ. ಕಳೆದ ಚಾತುರ್ಮಾಸದಲ್ಲಿ ನಮ್ಮ ಬಸದಿಯ ರಸೀದಿ ಪುಸ್ತಕ ಹೊಸದಾಗಿ ಅಚ್ಚಾಗುವಾಗ 'ಪುಣ್ಯಾರ್ಥ' ಎಂಬಲ್ಲಿ 'ಸ್ಮರಣಾರ್ಥ' ಎಂದು ಹಾಕಿಸಬೇಕೆಂದು ನಾನು ಸೂಚಿಸಿದೆ. ಅರ್ಧ ಗಂಟೆ ಚರ್ಚೆಯಾಯಿತು. ದಾನಿಗಳು ಬೇಸರಿಸಿಕೊಂಡಾರೆಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ವಿಷಯ ಮುಂದಿನ ಸಭೆಗೆ ಹೋಗಿದೆ.